ಹಾಡುವವರೂ ಒಮ್ಮೆ ಕೇಳುಗರಾಗಲಿ



ಕುಂದಾಪುರ, ಬೈಂದೂರು, ಬ್ರಹ್ಮಾವರ ಆಸುಪಾಸಿನ ನಮ್ಮ ಧರ್ಮಕೇಂದ್ರಗಳಲ್ಲಿ ಪರದೇಶಕ್ಕೆ ಹೋದವರಿಲ್ಲದ ಮನೆಗಳು ವಿರಳ. ಕುವೈತ್, ದುಬೈ, ಬಹರೈನ್, ಮಸ್ಕತ್ ಎಂಬ ಹೆಸರುಗಳು ನಮ್ಮ ಅಜ್ಜಿಯಂದಿರಿಗೂ ನೆರೆಯ ಪೇಟೆಗಳ ಹೆಸರಿನಷ್ಟೇ ಪರಿಚಿತ. ಹೀಗೆ ಹೋದವರಲ್ಲಿ ನಮ್ಮ ಗಾಯನ ಮಂಡಳಿಗಳ ಸದಸ್ಯರೂ ಇದ್ದಾರೆ. ಒಬ್ಬ ಒಳ್ಳೆಯ ಹಾಡುಗಾರ ಅಥವಾ ಕೀಬೋರ್ಡ್ ನುಡಿಸುವವ ವಿಮಾನ ಹತ್ತಿದ ಮರುಭಾನುವಾರವೇ ಇಗರ್ಜಿಯಲ್ಲಿ ಅವನ ಸ್ಥಾನ ಬರಿದಾಗಿ ಕಾಣುತ್ತದೆ. ಒಂದೆರಡು ವರ್ಷಗಳ ತರುವಾಯ ರಜೆಯಲ್ಲಿ ಬಂದು ಅದೇ ಸ್ಥಾನದಲ್ಲಿ ಕುಳಿತಾಗ ಜನ ಕತ್ತೆತ್ತಿ ನೋಡುತ್ತಾರೆ. ಹೊಸದೇನನ್ನು ತಂದಿದ್ದಾನೋ ಎಂದು ಕಾಯುತ್ತಾರೆ.

ಈ ನಿರೀಕ್ಷೆಯ ಕುರಿತು ನಾವು ತುಸು ಚಿಂತಿಸೋಣ. ದೇವಾಲಯದಲ್ಲಿ ಹಾಡುವ, ವಾದ್ಯ ನುಡಿಸುವ ವ್ಯಕ್ತಿಗೆ ದೂರದ ನಾಡಿನ ಪ್ರಯಾಣದಿಂದ ದೊರೆಯುವುದೇನು? ಅದರಿಂದ ಅವನ ವಿಶ್ವಾಸ ಚಿಗುರುತ್ತದೆಯೇ, ಅಥವಾ ಹೊಸ ರಾಗಗಳ ಜೊತೆಗೆ ಹೊಸ ಹಮ್ಮು ಮಾತ್ರ ಬೆಳೆಯುತ್ತದೆಯೇ? ಹಾಡುವವರಿಗಷ್ಟೇ ಸಂಬಂಧಿಸಿದ ಪ್ರಶ್ನೆ ಇದೆಂದು ಭಾವಿಸಬೇಡಿ. ಅವರು ಹೇಗೆ ಹಾಡುತ್ತಾರೆ ಎಂಬುದರ ಮೇಲೆ ನಾವೆಲ್ಲರೂ ಹೇಗೆ ಪ್ರಾರ್ಥಿಸುತ್ತೇವೆ ಎಂಬುದು ಬಹುಮಟ್ಟಿಗೆ ನಿಂತಿದೆ.

ಬಡಿಸುವವರ ಹಸಿವು

ಮದುವೆಮನೆಯಲ್ಲಿ ಬಡಿಸುವವರು ಎಲ್ಲರಿಗಿಂತ ಕೊನೆಗೆ ಉಣ್ಣುತ್ತಾರೆ. ಅಷ್ಟರಲ್ಲಿ ಅನ್ನ ಸಾರುಗಳ ವಾಸನೆಯಲ್ಲೇ ಅವರ ಹಸಿವು ಸತ್ತಿರುತ್ತದೆ. ಗಾಯನ ಮಂಡಳಿಯನ್ನು ನಡೆಸುವವರ ಸ್ಥಿತಿಯೂ ಹೀಗೆಯೇ. ಮೊದಲನೆಯ ವಾಚನ ನಡೆಯುತ್ತಿರುವಾಗ ಅವರು ಕೀರ್ತನೆಯ ಪುಟ ಹುಡುಕುತ್ತಿರುತ್ತಾರೆ. ಪ್ರಬೋಧನೆಯ ವೇಳೆ ಕಾಣಿಕೆಯ ಹಾಡಿನ ಶ್ರುತಿ ಯಾವುದೆಂದು ಪಕ್ಕದವರಿಗೆ ಪಿಸುಗುಟ್ಟುತ್ತಿರುತ್ತಾರೆ. ಪರಮಪ್ರಸಾದದ ಹೊತ್ತಿನಲ್ಲಿ ಸಾಲು ಎಷ್ಟು ಉದ್ದವಿದೆ, ಇನ್ನೊಂದು ಚರಣ ಬೇಕೇ ಎಂದು ಕಣ್ಣಳತೆ ಮಾಡುತ್ತಿರುತ್ತಾರೆ. ಬಲಿಪೂಜೆ ಮುಗಿಯುತ್ತದೆ. ಒಂದು ಗಂಟೆ ದೇವರ ಮನೆಯಲ್ಲಿದ್ದುದು ನಿಜ. ಅದರಲ್ಲಿ ದೇವರ ಜೊತೆಗಿದ್ದ ನಿಮಿಷಗಳೆಷ್ಟು?

ಇದು ಅವರ ತಪ್ಪೆಂದು ಹೇಳುತ್ತಿಲ್ಲ. ಆ ಸೇವೆಯ ಸ್ವಭಾವವೇ ಅಂಥದು. ಪೀಠದ ಬಳಿ ನಿಲ್ಲುವ ಗುರುಗಳಿಗೂ ಈ ಅಪಾಯ ತಪ್ಪಿದ್ದಲ್ಲ. ಸಂತ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಮಾರ್ತಳು ಯೇಸುವಿಗಾಗಿಯೇ ದುಡಿಯುತ್ತಿದ್ದಳು. ಆದರೂ ಆ ದುಡಿಮೆಯ ಗಡಿಬಿಡಿಯಲ್ಲಿ ಅವನ ಮಾತು ಅವಳ ಕಿವಿಗೆ ಬೀಳಲಿಲ್ಲ. ಮೊಂತಿ ಹಬ್ಬ, ಕ್ರಿಸ್ಮಸ್, ತಪಸ್ಸು ಕಾಲ, ಪವಿತ್ರ ವಾರ, ಧರ್ಮಕೇಂದ್ರದ ವಾರ್ಷಿಕ ಹಬ್ಬ ಎಂದು ಹತ್ತು ಹದಿನೈದು ವರ್ಷ ಅದೇ ಹಾಡುಗಳು, ಅದೇ ಅಭ್ಯಾಸ, ಒಬ್ಬರೇ ಹಾಡುವ ಚರಣ ಯಾರದ್ದೆಂಬ ಅದೇ ಮನಸ್ತಾಪ. ಹೀಗೆ ಸಾಗುತ್ತಿರುವಾಗ ಒಂದು ದಿನ ಹಾಡು ಪ್ರಾರ್ಥನೆಯಾಗಿ ಉಳಿಯದೆ ಬರೀ ಕೆಲಸವಾಗಿಬಿಡುತ್ತದೆ. ಯಾವಾಗ ಹಾಗಾಯಿತೆಂಬುದು ಹಾಡುವವರಿಗೇ ತಿಳಿದಿರುವುದಿಲ್ಲ.

ಮಿಲಾನಿನಲ್ಲಿ ಅತ್ತ ಪರಊರಿನವರು

ಕ್ರೈಸ್ತ ಸಭೆಯ ಇತಿಹಾಸದಲ್ಲಿ ದೇವಾಲಯ ಸಂಗೀತದ ಕುರಿತು ಬಹಳ ಪ್ರಾಮಾಣಿಕವಾಗಿ ಬರೆದವರು ಸಂತ ಅಗಸ್ಟೀನರು. ಅವರು ಉತ್ತರ ಆಫ್ರಿಕಾದವರು. ವಾಕ್ಚಾತುರ್ಯವನ್ನು ಕಲಿಸುವ ಉದ್ಯೋಗಕ್ಕಾಗಿ 384ರಲ್ಲಿ ಇಟಲಿಯ ಮಿಲಾನಿಗೆ ಬಂದರು. ಅಲ್ಲಿ ಸಂತ ಅಂಬ್ರೋಸರು ಧರ್ಮಾಧ್ಯಕ್ಷರಾಗಿದ್ದರು. 386ರಲ್ಲಿ ಅರಮನೆಯವರು ಒಂದು ದೇವಾಲಯವನ್ನು ಕಿತ್ತುಕೊಳ್ಳಲು ಬಂದಾಗ ಜನರು ಅದರೊಳಗೇ ಕಾವಲು ಕುಳಿತರು. ಬೇಸರ ಭಯಗಳಿಂದ ಅವರು ಕುಗ್ಗದಿರಲೆಂದು ಪೂರ್ವದೇಶಗಳ ಸಭೆಗಳ ಪದ್ಧತಿಯಂತೆ ಗೀತೆಗಳನ್ನೂ ಕೀರ್ತನೆಗಳನ್ನೂ ಹಾಡಿಸುವ ರೂಢಿ ಅಲ್ಲಿ ಆರಂಭವಾಯಿತು. ಮರುವರ್ಷ, 387ರ ಪಾಸ್ಖ ಹಬ್ಬದಲ್ಲಿ, ಅಗಸ್ಟೀನರು ದೀಕ್ಷಾಸ್ನಾನ ಪಡೆದರು. ಆ ದಿನಗಳಲ್ಲಿ ದೇವಾಲಯದ ಹಾಡುಗಳನ್ನು ಕೇಳಿ ತಾವು ಅತ್ತುದನ್ನು ಅವರು ತಮ್ಮ ಆತ್ಮನಿವೇದನೆಯ ಗ್ರಂಥದಲ್ಲಿ ಬರೆದಿದ್ದಾರೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಮಿಲಾನಿನ ಜನರಿಗೆ ಧೈರ್ಯ ಕೊಟ್ಟ ಹಾಡಿನ ರೀತಿ ದೂರದ ನಾಡಿನಿಂದ ಬಂದದ್ದು. ಅದನ್ನು ಕೇಳಿ ಅತ್ತ ವ್ಯಕ್ತಿಯೂ ಪರಊರಿನವರೇ. ಅವರಿಗೆ ಅಲ್ಲಿ ಹಾಡಿಸುವ ಹೊಣೆಯಿರಲಿಲ್ಲ, ಶ್ರುತಿ ಸರಿಯಿದೆಯೇ ಎಂದು ನೋಡುವ ಕೆಲಸವಿರಲಿಲ್ಲ. ಜನರ ನಡುವೆ ನಿಂತು ಕೇಳಿದರು, ಅಷ್ಟೇ. ಕೇಳಿದ್ದರಿಂದಲೇ ಕರಗಿದರು.

ಅದೇ ಅಗಸ್ಟೀನರು ಅದೇ ಗ್ರಂಥದಲ್ಲಿ ಮುಂದೆ ಒಂದು ಆತಂಕವನ್ನೂ ತೋಡಿಕೊಳ್ಳುತ್ತಾರೆ. ಹಾಡಿನ ಅರ್ಥಕ್ಕಿಂತ ಹಾಡುವ ಸ್ವರವೇ ತಮ್ಮನ್ನು ಹೆಚ್ಚಾಗಿ ಸೆಳೆದರೆ ಅದು ತಮ್ಮ ಪಾಪವೆಂದೇ ಅವರು ಎಣಿಸುತ್ತಾರೆ. ಹಾಗೆಂದು ಹಾಡನ್ನು ದೇವಾಲಯದಿಂದ ಹೊರಗಟ್ಟಲು ಅವರು ಒಪ್ಪುವುದಿಲ್ಲ. ದುರ್ಬಲ ಮನಸ್ಸುಗಳನ್ನು ಅದು ಭಕ್ತಿಯತ್ತ ಎತ್ತುತ್ತದೆಂದು ಬಲ್ಲವರು ಅವರು. ಪ್ರಯಾಣದಿಂದ ಹಾಡುಗಾರನಿಗೆ ಸಿಗುವ ಲಾಭ ಮತ್ತು ಎದುರಾಗುವ ಅಪಾಯ ಎರಡನ್ನೂ ಸಾವಿರದ ಆರುನೂರು ವರ್ಷಗಳ ಹಿಂದೆಯೇ ಅವರು ಅಳೆದಿಟ್ಟಂತಿದೆ.

ಕಲಿಯಲೆಂದು ಹೊರಟವರು

ದೇವಾಲಯದ ಸಂಗೀತಗಾರರೇ ಪ್ರಯಾಣ ಹೊರಟ ಎರಡು ಪ್ರಸಂಗಗಳನ್ನು ನೋಡೋಣ. ಇಬ್ಬರೂ ಜರ್ಮನಿಯವರು, ಲೂಥರನ್ ಸಭೆಗೆ ಸೇರಿದವರು.

ಮೊದಲನೆಯವರು ಹೈನ್‌ರಿಖ್ ಷುಟ್ಸ್. 1609ರಲ್ಲಿ, ಇಪ್ಪತ್ತನಾಲ್ಕರ ಪ್ರಾಯದಲ್ಲಿ, ಅವರು ವೆನಿಸ್ ನಗರಕ್ಕೆ ಹೋಗಿ ಅಲ್ಲಿನ ಪ್ರಸಿದ್ಧ ಸಂಗೀತಗಾರ ಜಿಯೊವಾನ್ನಿ ಗಾಬ್ರಿಯೇಲಿಯವರ ಶಿಷ್ಯರಾದರು. 1612ರಲ್ಲಿ ಗುರುಗಳು ತೀರಿಕೊಂಡಾಗ ತಮ್ಮ ಉಂಗುರವೊಂದನ್ನು ಈ ಶಿಷ್ಯನಿಗೆ ಬಿಟ್ಟುಹೋದರು. ಗುರು ಕ್ಯಾಥೊಲಿಕರು, ಶಿಷ್ಯ ಲೂಥರನ್. ಆ ಕಾಲದಲ್ಲಿ ಈ ಎರಡು ಸಭೆಗಳ ನಡುವೆ ಇದ್ದ ಹಗೆತನವನ್ನು ನೆನೆದರೆ ಆ ಉಂಗುರದ ಬೆಲೆ ಅರ್ಥವಾದೀತು. ಊರಿಗೆ ಮರಳಿದ ಷುಟ್ಸ್ ಡ್ರೆಸ್ಡೆನ್ ಆಸ್ಥಾನದ ಸಂಗೀತಕ್ಕೆ ಮುಖ್ಯಸ್ಥರಾದರು, ಹೆಸರು ಗಳಿಸಿದರು. ಆದರೂ 1628ರಲ್ಲಿ, ನಲವತ್ತಮೂರರ ವಯಸ್ಸಿನಲ್ಲಿ, ಮತ್ತೆ ವೆನಿಸಿಗೆ ಹೊರಟರು. ಅಷ್ಟರಲ್ಲಿ ಅಲ್ಲಿನ ಸಂಗೀತ ಬದಲಾಗಿತ್ತು. ಮೊಂತೆವೆರ್ದಿಯವರ ಕಾಲ ಅದು. ಊರಿನಲ್ಲಿ ದೊಡ್ಡವರೆನಿಸಿಕೊಂಡ ಮೇಲೆ ಪರನಾಡಿನಲ್ಲಿ ಇನ್ನೊಮ್ಮೆ ಕಲಿಯುವವರಾಗಿ ಕುಳಿತುಕೊಳ್ಳುವುದು ಎಲ್ಲರಿಂದಾಗದು. ಷುಟ್ಸ್ ಕುಳಿತರು. 1629ರಲ್ಲಿ ಅಲ್ಲಿಯೇ ಅವರ ಪವಿತ್ರ ಸಂಗೀತದ ಹೊಸ ಸಂಗ್ರಹವೊಂದು ಅಚ್ಚಾಯಿತು.

ಎರಡನೆಯವರು ಯೊಹಾನ್ ಸೆಬಾಸ್ಟಿಯನ್ ಬಾಖ್. ಅವರ ಪ್ರಯಾಣ ಪರದೇಶಕ್ಕಲ್ಲ, ಜರ್ಮನಿಯ ಇನ್ನೊಂದು ಊರಿಗೆ. 1705ರಲ್ಲಿ, ಇಪ್ಪತ್ತರ ಹರೆಯದ ಬಾಖ್ ಆರ್ನ್‌ಸ್ಟಾಟ್ ಎಂಬ ಊರಿನ ದೇವಾಲಯದಲ್ಲಿ ಆರ್ಗನ್ ನುಡಿಸುತ್ತಿದ್ದರು. ಲ್ಯೂಬೆಕ್ ನಗರದ ಹಿರಿಯ ವಾದಕ ಬುಕ್ಸ್ಟೆಹೂಡೆಯವರನ್ನು ಕೇಳಲೆಂದು ನಾಲ್ಕು ವಾರಗಳ ರಜೆ ಪಡೆದು ಹೊರಟರು. ನಾನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ನಡೆದೇ ಹೋದರೆಂದು ಹೇಳುತ್ತಾರೆ. ನಾಲ್ಕು ವಾರಗಳ ರಜೆ ಸುಮಾರು ನಾಲ್ಕು ತಿಂಗಳಾಯಿತು! ಮರಳಿ ಬಂದ ಬಳಿಕ, 1706ರ ಫೆಬ್ರವರಿಯಲ್ಲಿ, ದೇವಾಲಯದ ಆಡಳಿತ ಮಂಡಳಿ ಅವರನ್ನು ಕರೆಸಿ ವಿಚಾರಿಸಿತು. ದೂರು ತಡವಾಗಿ ಬಂದುದರ ಕುರಿತು ಮಾತ್ರ ಇರಲಿಲ್ಲ. ಸ್ತುತಿಗೀತೆಗಳ ನಡುವೆ ಅವರು ವಿಚಿತ್ರ ಸ್ವರಗಳನ್ನು ಬೆರೆಸುವುದರಿಂದ ಹಾಡುವ ಜನ ಗೊಂದಲಕ್ಕೀಡಾಗಿದ್ದಾರೆ ಎಂಬುದೂ ಆಪಾದನೆಯಾಗಿತ್ತು.

ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ಆಡಳಿತ ಮಂಡಳಿಯನ್ನು ನೋಡಿ ನಗುತ್ತಾರೆ. ಮಹಾಪ್ರತಿಭೆಯನ್ನು ಗುರುತಿಸದ ಮಂದಮತಿಗಳೆಂದು ತೀರ್ಪು ಕೊಡುತ್ತಾರೆ. ನನಗೆ ಹಾಗೆ ನಗಲು ಮನಸ್ಸು ಬಾರದು. ಆ ಪ್ರಯಾಣದಿಂದ ಬಾಖ್‌ರಿಗೆ ದೊರೆತ ಸಂಪತ್ತು ಮುಂದೆ ಲೋಕಕ್ಕೆಲ್ಲ ಹಂಚಿಹೋಯಿತು ಎಂಬುದು ನಿಜ. ಅದೇ ಭಾನುವಾರ ಬೆಂಚಿನಲ್ಲಿ ನಿಂತು ಹಾಡಲು ಬಾಯಿ ತೆರೆದ ಒಬ್ಬ ಮುದುಕಿಗೆ ತನ್ನ ಹಾಡಿನ ದಾರಿಯೇ ಸಿಗಲಿಲ್ಲ ಎಂಬುದೂ ನಿಜ. ದೇವರ ಮನೆಯಲ್ಲಿ ಎರಡನೆಯ ನಿಜಕ್ಕೆ ಬೆಲೆಯಿಲ್ಲವೇ?

ನಮ್ಮ ಕರಾವಳಿಯಿಂದ ಸಿಂಹಳಕ್ಕೆ

ಯುರೋಪಿನ ಮಾತು ಸಾಕು; ನಮ್ಮ ನೆಲಕ್ಕೆ ಬರೋಣ. ಕುಂದಾಪುರದ ರೋಜರಿ ಮಾತೆಯ ಇಗರ್ಜಿಯ ಇತಿಹಾಸ 1570ರಿಂದ ಆರಂಭವಾಗುತ್ತದೆ. ಆ ಇತಿಹಾಸದ ಪುಟಗಳಲ್ಲಿ ನಡೆದಾಡಿದವರು ಸಂತ ಜೋಸೆಫ್ ವಾಸರು. ಗೋವೆಯಲ್ಲಿ 1651ರಲ್ಲಿ ಹುಟ್ಟಿದ ಅವರು 1681ರಿಂದ 1684ರವರೆಗೆ ಕೆನರಾದಲ್ಲಿ ಸೇವೆ ಮಾಡಿದರು. ಬಸ್ರೂರು, ಕುಂದಾಪುರ, ಗಂಗೊಳ್ಳಿಗಳಲ್ಲೂ ದುಡಿದರು. ಮುಂದೆ 1687ರಲ್ಲಿ, ಡಚ್ಚರ ಆಳ್ವಿಕೆಯಲ್ಲಿ ಕ್ಯಾಥೊಲಿಕ್ ಗುರುಗಳಿಗೆ ಪ್ರವೇಶವೇ ಇಲ್ಲದ ಸಿಂಹಳ ದ್ವೀಪಕ್ಕೆ ಕೂಲಿಯಾಳಿನ ವೇಷದಲ್ಲಿ ಹೋದರು. 1711ರಲ್ಲಿ ಕ್ಯಾಂಡಿಯಲ್ಲಿ ಮೃತರಾದರು. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಕೊಲಂಬೊ ನಗರದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ವಾಸರ ಹಿಂದೆಯೇ 1705ರಲ್ಲಿ ಗೋವೆಯಿಂದ ಸಿಂಹಳಕ್ಕೆ ಹೋದ ಗುರುಗಳೊಬ್ಬರಿದ್ದರು: ಫಾದರ್ ಜಾಕೋಮ್ ಗೊನ್ಸಾಲ್ವಿಸ್. ದಿವಾಡಿ ದ್ವೀಪದವರು. ಅವರು ಸಿಂಹಳ ಮತ್ತು ತಮಿಳು ಭಾಷೆಗಳನ್ನು ಆಳವಾಗಿ ಕಲಿತು ಎರಡರಲ್ಲೂ ಗದ್ಯ ಪದ್ಯಗಳನ್ನು ರಚಿಸಿದರು. ಸಿಂಹಳ ಕ್ಯಾಥೊಲಿಕ್ ಸಾಹಿತ್ಯದ ಪಿತಾಮಹರೆಂದು ಅವರನ್ನು ಗೌರವಿಸುತ್ತಾರೆ. ತಪಸ್ಸು ಕಾಲದಲ್ಲಿ ಕ್ರಿಸ್ತರ ಯಾತನೆಯನ್ನು ನೆನೆದು ಶ್ರೀಲಂಕಾದ ಭಕ್ತರು ಇಂದಿಗೂ ಹಾಡುವ 'ಪಸನ್' ಎಂಬ ಶೋಕಗೀತೆಗಳ ಪರಂಪರೆ ಅವರಿಂದಲೇ ಬಂದದ್ದೆನ್ನುತ್ತಾರೆ. ತಾವು ಚಿಕ್ಕಂದಿನಲ್ಲಿ ಗೋವೆಯ ಇಗರ್ಜಿಗಳಲ್ಲಿ ಕೇಳಿದ ರಾಗಗಳನ್ನೇ ಅಲ್ಲಿನವರ ಬಾಯಿಗೆ ತುರುಕಿ ಅವರು ಸುಮ್ಮನಾಗಬಹುದಿತ್ತು. ಬದಲಾಗಿ, ಆ ಜನ ಯಾವ ನುಡಿಯಲ್ಲಿ ಅಳುತ್ತಾರೆ ಎಂಬುದನ್ನು ಮೊದಲು ಕೇಳಿಸಿಕೊಂಡರು. ಮೂರು ಶತಮಾನ ಬಾಳಿದ ಹಾಡು ಹುಟ್ಟಿದ್ದು ಹಾಗೆ ಕೇಳಿಸಿಕೊಂಡ ಕಿವಿಯಿಂದ.

ನಮ್ಮ ನಾಡಿಗೆ ಹೊರಗಿನಿಂದ ಬಂದವರೂ ಇದನ್ನೇ ಮಾಡಿ ತೋರಿಸಿದ್ದಾರೆ. ಬಾಸೆಲ್ ಮಿಶನಿನ ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಭಾರತಕ್ಕೆ ಬಂದರು. 1894ರಲ್ಲಿ ಹೊರಬಂದ ಅವರ ಕನ್ನಡ ನಿಘಂಟು ಎಲ್ಲರಿಗೂ ಗೊತ್ತು. ಅದಕ್ಕೆ ಬಹಳ ಮುಂಚೆ, 1862ರಲ್ಲಿ, ಅವರು 'ಕಥಾಮಾಲೆ' ಎಂಬ ಕೃತಿಯಲ್ಲಿ ಯೇಸುಸ್ವಾಮಿಯ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿದರು. ಜರ್ಮನ್ ಗೀತೆಗಳ ರಾಗಗಳಿಗೆ ಕನ್ನಡದ ಪದಗಳನ್ನು ಹೊಂದಿಸುವುದೇ ರೂಢಿಯಾಗಿದ್ದ ಕಾಲದಲ್ಲಿ ನಡೆದ ಕೆಲಸವಿದು. ಇದಾದ ಒಂದು ಶತಮಾನದ ನಂತರ, 1963ರ ಡಿಸೆಂಬರ್ 4ರಂದು, ಎರಡನೇ ವ್ಯಾಟಿಕನ್ ಮಹಾಸಭೆಯು ಆರಾಧನಾ ವಿಧಿಯ ಕುರಿತಾದ ತನ್ನ ಶಾಸನವನ್ನು ಪ್ರಕಟಿಸಿತು. ಆಯಾ ನಾಡಿನ ಜನರ ಸ್ವಂತ ಸಂಗೀತ ಪರಂಪರೆಗೆ ತಕ್ಕ ಗೌರವ ಸಲ್ಲಬೇಕೆಂದೂ, ಗಾಯನ ಮಂಡಳಿಗಳು ಬೆಳೆಯುವುದರ ಜೊತೆಗೆ ಇಡೀ ಸಭೆಯ ಭಕ್ತರು ಹಾಡಿನಲ್ಲಿ ಪಾಲ್ಗೊಳ್ಳಬೇಕೆಂದೂ ಅದು ಸ್ಪಷ್ಟವಾಗಿ ತಿಳಿಸಿದೆ.

ಮರಳುಗಾಡಿನಲ್ಲಿ ನಮ್ಮ ಹಾಡು

ಇಂದು ನಮ್ಮವರು ಹೋಗುವುದು ಸಂಗೀತ ಕಲಿಯಲಲ್ಲ, ಧರ್ಮಪ್ರಚಾರಕ್ಕೂ ಅಲ್ಲ. ಹೊಟ್ಟೆಪಾಡಿಗಾಗಿ, ಮನೆಯ ಸಾಲಕ್ಕಾಗಿ, ತಂಗಿಯ ಮದುವೆಗಾಗಿ ಹೋಗುತ್ತಾರೆ. ಆದರೂ ಅಲ್ಲಿ ಹಾಡುಗಾರನಿಗೆ ಆಗುವ ಅನುಭವವನ್ನು ಯಾವ ಸಂಗೀತ ಶಾಲೆಯೂ ಕೊಡಲಾರದು.

ಬಹರೈನಿನ ಮನಾಮದಲ್ಲಿರುವ ಯೇಸುವಿನ ಪವಿತ್ರ ಹೃದಯದ ದೇವಾಲಯಕ್ಕೆ ಅಲ್ಲಿನ ಆಡಳಿತಗಾರರು ಜಮೀನು ಕೊಟ್ಟದ್ದು 1939ರಲ್ಲಿ. ಅಲ್ಲಿಯೂ ದುಬೈ, ಕುವೈತ್ ಮುಂತಾದ ಕಡೆಯ ದೇವಾಲಯಗಳಲ್ಲಿಯೂ ಒಂದೇ ಸೂರಿನಡಿ ಹಲವು ಭಾಷೆಗಳಲ್ಲಿ ಬಲಿಪೂಜೆಗಳು ನಡೆಯುತ್ತವೆ. ನಮ್ಮ ಕೊಂಕಣಿ ಬಲಿಪೂಜೆಗೆ ಸಿಗುವುದು ನಿಗದಿಯಾದ ಒಂದು ವೇಳೆ. ಅದು ಮುಗಿಯುವಷ್ಟರಲ್ಲಿ ಮಲಯಾಳದವರೋ ಫಿಲಿಪ್ಪೀನಿನವರೋ ತಮ್ಮ ಗಿಟಾರುಗಳೊಂದಿಗೆ ಬಾಗಿಲಲ್ಲಿ ಕಾಯುತ್ತಿರುತ್ತಾರೆ. ಯು.ಎ.ಇ.ಯಲ್ಲಿ 2022ರ ಜನವರಿಯಲ್ಲಿ ವಾರದ ರಜೆ ಬದಲಾಗುವವರೆಗೆ ಶುಕ್ರವಾರವೇ ನಮ್ಮವರ ದೊಡ್ಡ ಪೂಜೆಯ ದಿನವಾಗಿತ್ತು. 2019ರ ಫೆಬ್ರವರಿ 5ರಂದು ಅಬುಧಾಬಿಯ ಝಾಯೆದ್ ಕ್ರೀಡಾಂಗಣದಲ್ಲಿ ಜಗದ್ಗುರು ಫ್ರಾನ್ಸಿಸರು ಅರ್ಪಿಸಿದ ಬಲಿಪೂಜೆಗೆ ಲಕ್ಷಕ್ಕೂ ಮಿಕ್ಕಿ ಜನ ಸೇರಿದರು. ಇನ್ನು ಸೌದಿ ಅರೇಬಿಯಾದಲ್ಲಿ ನಮಗೆ ಸಾರ್ವಜನಿಕ ದೇವಾಲಯವೇ ಇಲ್ಲ. ಅಲ್ಲಿ ದುಡಿಯುವ ನಮ್ಮ ಮಕ್ಕಳಿಗೆ ದೇವಾಲಯದಲ್ಲಿ ಗುಂಪಾಗಿ ಗಂಟಲೆತ್ತಿ ಹಾಡುವ ಭಾಗ್ಯ ಊರಿಗೆ ಬಂದಾಗ ಮಾತ್ರ.

ರಜೆಯಲ್ಲಿ ಬಂದ ಹಾಡುಗಾರರೊಡನೆ ಮಾತನಾಡುವಾಗ ಅವರು ಬೇರೆ ಬೇರೆ ಮಾತುಗಳಲ್ಲಿ ಒಂದೇ ಸಂಗತಿಯನ್ನು ಹೇಳುವುದನ್ನು ಕೇಳಿದ್ದೇನೆ. ಅವರಲ್ಲೊಬ್ಬರು ಊರಿನಲ್ಲಿ ಹನ್ನೆರಡು ವರ್ಷ ಗಾಯನ ಮಂಡಳಿಯಲ್ಲಿದ್ದವರು. "ಫಾದರ್, ಅಲ್ಲಿ ಮೊದಲ ಆರು ತಿಂಗಳು ನನ್ನನ್ನು ಯಾರೂ ಹಾಡಲು ಕರೆಯಲಿಲ್ಲ. ಹಿಂದೆ ಕೂತು ಪೂಜೆ ಕೇಳಿದೆ. ಆಗಲೇ ಗೊತ್ತಾಯಿತು, ಇಷ್ಟು ವರ್ಷ ನಾನು ಪೂಜೆಗೆ ಹೋಗಿಯೇ ಇರಲಿಲ್ಲ ಅಂತ," ಎಂದರು. ಯಾರೂ ಕರೆಯದಿದ್ದುದು ಮೊದಲು ಅವರಿಗೆ ನೋವಾಗಿತ್ತು. ಊರಿನಲ್ಲಿ ಅವರಿಲ್ಲದೆ ಹಬ್ಬವೇ ಇರಲಿಲ್ಲ. ಅಲ್ಲಿ ಅವರು ಸಾವಿರದಲ್ಲೊಬ್ಬರು. ಆ ನೋವೇ ನಿಧಾನವಾಗಿ ವಿಶ್ರಾಂತಿಯಾಯಿತು, ವಿಶ್ರಾಂತಿ ಪ್ರಾರ್ಥನೆಯಾಯಿತು. ಒಂದು ಸಂಜೆ, ಊರಿನಲ್ಲಿ ನೂರಾರು ಸಲ ತಾವೇ ಹಾಡಿದ್ದ ಪರಮಪ್ರಸಾದದ ಗೀತೆಯನ್ನು ಬೇರೆಯವರು ಹಾಡುತ್ತಿರುವಾಗ ಅದರ ಪದಗಳು ಮೊದಲ ಬಾರಿಗೆ ತಮಗಾಗಿ ಹೇಳಿದಂತೆ ಕೇಳಿಸಿದುವಂತೆ.

137ನೆಯ ಕೀರ್ತನೆಯಲ್ಲಿ ಬಾಬಿಲೋನಿನ ನದಿಗಳ ಬಳಿ ಕುಳಿತ ಸೆರೆಯಾಳುಗಳು, ಪರನಾಡಿನಲ್ಲಿ ಪ್ರಭುವಿನ ಹಾಡನ್ನು ಹಾಡುವುದೆಂತು ಎಂದು ಕೊರಗುತ್ತಾರೆ. ಅವರು ಹಾಡಲಾರೆವೆಂದರು, ಆದರೆ ಹಾಡಿನ ಬೆಲೆ ತಿಳಿದದ್ದು ಅಲ್ಲಿಯೇ. ಪ್ರಯಾಣವು ಹಾಡುಗಾರನಿಗೆ ಕೊಡುವ ಮೊದಲ ವರ ಇದೆಂದು ನನ್ನ ನಂಬಿಕೆ: ಅದು ಅವನನ್ನು ಮರಳಿ ಕೇಳುಗನನ್ನಾಗಿಸುತ್ತದೆ.

ಎರಡನೆಯ ವರ ವಿನಯ. ನಮ್ಮ ರೀತಿಯೊಂದೇ ಭಕ್ತಿಯ ರೀತಿ ಎಂಬ ಭ್ರಮೆ ಅಲ್ಲಿ ಕರಗುತ್ತದೆ. ಆಫ್ರಿಕಾದವರು ಮೈಯೆಲ್ಲ ಕುಣಿಸಿ ಹಾಡುವುದನ್ನು ನೋಡಿ ಮೊದಲು ಮುಜುಗರವಾದೀತು. ಆಮೇಲೆ, ಕಾಂಗೋ ದೇಶದಲ್ಲಿ ಡೋಲುಗಳೊಂದಿಗೆ ಹಾಡಿದ 'ಮಿಸ್ಸಾ ಲೂಬಾ' ಎಂಬ ಬಲಿಪೂಜಾ ಸಂಗೀತ 1958ರಲ್ಲಿ ಯುರೋಪನ್ನೇ ಬೆರಗುಗೊಳಿಸಿತೆಂದೂ, 1988ರಲ್ಲಿ ಆ ನಾಡಿಗಾಗಿಯೇ ರೂಪಿಸಿದ ಪೂಜಾವಿಧಿಗೆ ರೋಮ್ ಅನುಮತಿ ನೀಡಿತೆಂದೂ ತಿಳಿದಾಗ ಮನಸ್ಸು ಅಗಲವಾಗುತ್ತದೆ. ಫ್ರಾನ್ಸಿನ ತೆಜೆ ಎಂಬ ಹಳ್ಳಿಯ ಆಶ್ರಮಕ್ಕೆ ಹೋದವರಿಗೆ ಇನ್ನೊಂದು ಪಾಠ ಸಿಗುತ್ತದೆ. 1940ರಲ್ಲಿ ಬ್ರದರ್ ರೋಜರ್ ನೆಲೆನಿಂತ ಆ ಹಳ್ಳಿಗೆ ಹಲವು ನುಡಿಗಳ ಯುವಜನರು ಬರತೊಡಗಿದಾಗ, ಎಲ್ಲರೂ ಕೂಡಿ ಹಾಡಬಲ್ಲ ಹಾಡುಗಳು ಬೇಕಾದವು. ಜಾಕ್ ಬೆರ್ತಿಯೇ ಎಂಬ ಸಂಗೀತಗಾರರು ಒಂದೆರಡು ಸಾಲಿನ, ಮತ್ತೆ ಮತ್ತೆ ಹಾಡುವ ಗೀತೆಗಳಿಗೆ ರಾಗ ಹಾಕಿದರು. ನಿನ್ನೆ ಬಂದವನೂ ಇವತ್ತು ಹಾಡಬಲ್ಲ ಹಾಡುಗಳವು. ತಮ್ಮ ವಿದ್ಯೆಯನ್ನೆಲ್ಲ ಪ್ರದರ್ಶಿಸುವ ಅವಕಾಶವನ್ನು ಆ ಸಂಗೀತಗಾರರು ಬಿಟ್ಟುಕೊಟ್ಟರು ಎಂಬುದನ್ನು ನಮ್ಮ ಹಾಡುಗಾರರು ಗಮನಿಸಬೇಕು.

ಪೆಟ್ಟಿಗೆಯಲ್ಲಿ ಬಂದದ್ದು

ಇಷ್ಟು ಹೇಳಿದ ಮೇಲೆ ಅಪಾಯವನ್ನೂ ಹೇಳಲೇಬೇಕು. ಪರದೇಶದಿಂದ ಬರುವವರ ಪೆಟ್ಟಿಗೆಯಲ್ಲಿ ಹೊಸ ಕೀಬೋರ್ಡ್ ಇರುತ್ತದೆ. ಅದರೊಳಗೆ ನೂರು ಬಗೆಯ ತಾಳಗಳು, ಒಂದು ಗುಂಡಿ ಒತ್ತಿದರೆ ಇಡೀ ವಾದ್ಯಮೇಳ. ಪೆನ್‌ಡ್ರೈವಿನಲ್ಲಿ ಸಿದ್ಧವಾದ ಟ್ರ್ಯಾಕುಗಳು. ಮನಸ್ಸಿನಲ್ಲಿ, ದೊಡ್ಡ ದೇವಾಲಯದಲ್ಲಿ ಕೇಳಿದ ದೊಡ್ಡ ಗಾಯನದ ನೆನಪು. ಎದುರಿಗೆ, ಅಭ್ಯಾಸಕ್ಕೆ ಸರಿಯಾಗಿ ಬಾರದ ಊರಿನ ಹತ್ತು ಹುಡುಗ ಹುಡುಗಿಯರು. ಹೋಲಿಕೆ ತಾನಾಗಿಯೇ ಬರುತ್ತದೆ. ಹೋಲಿಕೆಯ ಹಿಂದೆ ಅಸಹನೆ, ಅಸಹನೆಯ ಹಿಂದೆ ತಿರಸ್ಕಾರ.

ಫಲವೇನು? ಅಜ್ಜ ಅಜ್ಜಿಯಂದಿರು ಪುಸ್ತಕವಿಲ್ಲದೆ ಹಾಡುತ್ತಿದ್ದ ಹಳೆಯ ಗೀತೆ ಮೂಲೆಗೆ ಸೇರುತ್ತದೆ. ಹೊಸ ಗೀತೆ ಯಾರಿಗೂ ಬಾರದು. ಬೆಂಚುಗಳಲ್ಲಿ ನಿಂತವರು ಬಾಯಿ ಮುಚ್ಚುತ್ತಾರೆ. ಮೊದಲ ಭಾನುವಾರ ಎಲ್ಲರೂ ಹೊಗಳುತ್ತಾರೆ, ಏಕೆಂದರೆ ಚೆನ್ನಾಗಿಯೇ ಇರುತ್ತದೆ. ರಜೆ ಮುಗಿದು ಆತ ವಿಮಾನ ಹತ್ತಿದ ಬಳಿಕ ಹೊಸದನ್ನು ಹಾಡುವವರಿಲ್ಲ, ಹಳೆಯದಕ್ಕೆ ಮರಳಲು ಮಕ್ಕಳಿಗೆ ಮನಸ್ಸಿಲ್ಲ. ಒಂದು ಧರ್ಮಕೇಂದ್ರದ ಜನರ ಧ್ವನಿ ಹೀಗೆ ಸದ್ದಿಲ್ಲದೆ ಉಡುಗುತ್ತದೆ. ಒಮ್ಮೆ ಉಡುಗಿದ ಧ್ವನಿಯನ್ನು ಎಬ್ಬಿಸಲು ಎಷ್ಟು ವರ್ಷಗಳು ಬೇಕೆಂಬುದನ್ನು ಅದನ್ನು ಯತ್ನಿಸಿದವರೇ ಬಲ್ಲರು.

ಆದಕಾರಣ ಹಾಡುಗಾರನ ಪ್ರಯಾಣ ಸಾರ್ಥಕವಾಯಿತೇ ಎಂದು ಅಳೆಯಲು ನಾನು ಒಂದು ಸರಳ ಪರೀಕ್ಷೆಯನ್ನು ಸೂಚಿಸುತ್ತೇನೆ. ಅವನು ಮರಳಿ ಬಂದ ಮೂರು ನಾಲ್ಕು ಭಾನುವಾರಗಳ ತರುವಾಯ ಕೊನೆಯ ಬೆಂಚಿನವರು ಮೊದಲಿಗಿಂತ ಹೆಚ್ಚು ಹಾಡುತ್ತಿದ್ದಾರೆಯೇ, ಕಡಿಮೆಯೇ? ಹೆಚ್ಚು ಹಾಡುತ್ತಿದ್ದರೆ ಆತ ಕಿವಿಯಲ್ಲಿ ಏನನ್ನೋ ತುಂಬಿಕೊಂಡು ಬಂದಿದ್ದಾನೆ. ಕಡಿಮೆಯಾಗಿದ್ದರೆ, ಚಪ್ಪಾಳೆ ಎಷ್ಟೇ ಬಿದ್ದರೂ, ಬಂದದ್ದು ಪೆಟ್ಟಿಗೆ ಮಾತ್ರ.

ಹೊಸ ವಾದ್ಯ, ಹೊಸ ರಾಗ ಬೇಡವೇ ಬೇಡ ಎಂಬುದು ನನ್ನ ವಾದವಲ್ಲ. ಆರ್ಗನ್ ಕೂಡ ಒಂದು ಕಾಲದಲ್ಲಿ ದೇವಾಲಯಕ್ಕೆ ಹೊಸದೇ. ಹೊಸದನ್ನು ತರುವವರಿಗೆ ಕಲಿಸುವ ತಾಳ್ಮೆ ಇರಬೇಕು. ಬಲಿಪೂಜೆಗೆ ಹತ್ತು ನಿಮಿಷ ಮುಂಚೆ ಜನರಿಗೆ ಒಂದು ಪಲ್ಲವಿ ಹೇಳಿಕೊಟ್ಟು, ಒಂದು ತಿಂಗಳು ಅದನ್ನೇ ಹಾಡಿಸಿ, ಅದು ಅವರದಾದ ಮೇಲೆ ಇನ್ನೊಂದಕ್ಕೆ ಕೈಹಾಕುವವರು ಎಷ್ಟು ಹೊಸದನ್ನು ತಂದರೂ ಸ್ವಾಗತವೇ.

ಟಿಕೇಟು ಬೇಡದ ಪ್ರಯಾಣ

ಇಲ್ಲಿ ಒಂದು ನ್ಯಾಯದ ಪ್ರಶ್ನೆಯೂ ಇದೆ. ಪರದೇಶಕ್ಕೆ ಹೋಗಲು ಎಲ್ಲರಿಗೂ ಆಗುವುದಿಲ್ಲ. ವೃದ್ಧ ತಾಯಿಯನ್ನು ನೋಡಿಕೊಳ್ಳುತ್ತಾ, ಬೀಡಿ ಕಟ್ಟುತ್ತಲೋ ಅಂಗಡಿಯಲ್ಲಿ ದುಡಿಯುತ್ತಲೋ ಇಪ್ಪತ್ತು ವರ್ಷ ತಪ್ಪದೆ ಭಾನುವಾರದ ಹಾಡು ಹಾಡಿಸಿದ ಹೆಣ್ಣುಮಗಳಿದ್ದಾಳೆ. ರಜೆಯಲ್ಲಿ ಬಂದವನಿಗೆ ಸಿಗುವ ಮರ್ಯಾದೆ ಅವಳಿಗೆ ಸಿಗುವುದಿಲ್ಲ. ವಿದೇಶ ಪ್ರಯಾಣದಿಂದಲೇ ವಿಶ್ವಾಸ ಚಿಗುರುವುದಾದರೆ ಅವಳ ಪಾಡೇನು?

ಪ್ರಯಾಣದ ಸಾರ ದೂರದಲ್ಲಿಲ್ಲ ಎಂದು ನಾನು ನಂಬುವುದು ಇದಕ್ಕಾಗಿಯೇ. ತನ್ನ ಸ್ಥಾನದಿಂದ ಏಳುವುದು, ಇನ್ನೊಬ್ಬರು ಹಾಡುವುದನ್ನು ಕೇಳುವುದು, ಮರಳಿ ಬಂದು ಸೇವೆ ಮಾಡುವುದು: ಇಷ್ಟೇ ಅದರ ಸಾರ. ಇದಕ್ಕೆ ಪಾಸ್‌ಪೋರ್ಟ್ ಬೇಡ. ಕುಂದಾಪುರದಿಂದ ಬಸ್ಸು ಹತ್ತಿದರೆ ಒಂದು ತಾಸಿನೊಳಗೆ ಬ್ರಹ್ಮಾವರ. ಅಲ್ಲಿ ಸಂತ ಮರಿಯಮ್ಮನವರ ಸಿರಿಯನ್ ಆರ್ಥೊಡಾಕ್ಸ್ ದೇವಾಲಯವಿದೆ. ನಮ್ಮದೇ ರಕ್ತಸಂಬಂಧದ, ನಮ್ಮದೇ ಕೊಂಕಣಿ ಮಾತನಾಡುವ ಜನ ಅವರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮನಸ್ತಾಪದಿಂದ ಬೇರೆಯಾದರೂ, ಸಿರಿಯಾದ ಪ್ರಾಚೀನ ಆರಾಧನಾ ಪರಂಪರೆಯನ್ನು ನಮ್ಮ ಮನೆಯಂಗಳಕ್ಕೇ ತಂದಿದ್ದಾರೆ. ಅಂಬ್ರೋಸರ ಜನರು ಪೂರ್ವದೇಶಗಳಿಂದ ಹಾಡಿನ ರೀತಿಯನ್ನು ಪಡೆದರು. ನಮಗೆ ಆ ಪೂರ್ವ ಹೆದ್ದಾರಿಯ ಪಕ್ಕದಲ್ಲೇ ಇದೆ. ಉಡುಪಿಯ ಸಿ.ಎಸ್.ಐ. ದೇವಾಲಯಕ್ಕೆ ಹೋದರೆ ಬಾಸೆಲ್ ಮಿಶನಿನ ಪರಂಪರೆಯ ಕನ್ನಡ ಸಂಗೀತಗಳನ್ನು ಕೇಳಬಹುದು. ಚಳಿಗಾಲದ ಒಂದು ರಾತ್ರಿ ಮಂದಾರ್ತಿ ಅಥವಾ ಮಾರಣಕಟ್ಟೆ ಮೇಳದ ಯಕ್ಷಗಾನದ ಬಯಲಿನಲ್ಲಿ ಕುಳಿತು ಭಾಗವತರನ್ನು ಕೇಳಿ. ಧ್ವನಿವರ್ಧಕವಿಲ್ಲದ ಕಾಲದಿಂದಲೂ ಪದದ ಒಂದೊಂದು ಅಕ್ಷರವನ್ನು ಕೊನೆಯ ಸಾಲಿನವರಿಗೆ ಮುಟ್ಟಿಸಿದ ಕಲೆ ಅದು. ಶುಭಸಂದೇಶದ ಪದಗಳನ್ನು ಹಾಡುವವರಿಗೆ ಆ ಅಕ್ಷರಶುದ್ಧಿ ಬೇಡವೇ?

ಧರ್ಮಕೇಂದ್ರಗಳಿಗೂ ಒಂದು ಹೊಣೆಯಿದೆ. ಗಾಯನ ಮಂಡಳಿಯನ್ನು ನಡೆಸುವವರಿಗೆ ವರ್ಷದಲ್ಲಿ ಒಂದು ತಿಂಗಳು ಬಿಡುವು ಕೊಡೋಣ. ಆ ತಿಂಗಳು ಹಾಡು ತುಸು ಕುಂಟಿದರೂ ಪರವಾಗಿಲ್ಲ, ಹೊಸಬರು ಕಲಿತಾರು. ಅವರು ತಮ್ಮ ಗಂಡ, ಹೆಂಡತಿ, ಮಕ್ಕಳ ಪಕ್ಕದಲ್ಲಿ ಕುಳಿತು ಬಲಿಪೂಜೆಯಲ್ಲಿ ಪಾಲ್ಗೊಳ್ಳಲಿ. ಎಷ್ಟೋ ಹಾಡುಗಾರರ ಮಕ್ಕಳು ತಂದೆತಾಯಿಯರ ಪಕ್ಕದಲ್ಲಿ ನಿಂತು ಪ್ರಾರ್ಥಿಸಿದ್ದೇ ಇಲ್ಲವೆಂಬುದನ್ನು ಯೋಚಿಸಿದ್ದೀರಾ? ಆ ತಿಂಗಳಲ್ಲಿ ಒಂದು ಭಾನುವಾರ ಅವರು ಬೇರೆ ಧರ್ಮಕೇಂದ್ರಕ್ಕೆ, ಯಾರಿಗೂ ಪರಿಚಯವಿಲ್ಲದವರಾಗಿ, ಹೋಗಿಬರಲಿ.

ಪ್ರಿಯ ಕುಟುಂಬದವರೇ, ಈ ಬಾರಿ ಕ್ರಿಸ್ಮಸ್‌ಗೆ ನಿಮ್ಮ ಮನೆಯ ಹಾಡುಗಾರ ಪರದೇಶದಿಂದ ಬಂದರೆ, ಚಾಕಲೇಟು ಹಂಚಿ ಮುಗಿದ ಮೇಲೆ, ಅವನನ್ನು ಹತ್ತಿರ ಕೂರಿಸಿಕೊಂಡು ಕೇಳಿ: "ಅಲ್ಲಿ ಯಾರ ಹಾಡನ್ನು ಕೇಳಿದೆ? ಕೇಳುವಾಗ ನಿನಗೇನನ್ನಿಸಿತು?" ಅವನು ಹೇಳುವುದನ್ನು ತಾಳ್ಮೆಯಿಂದ ಆಲಿಸಿ. ಹಾಗೆಯೇ ಎಲ್ಲಿಗೂ ಹೋಗದೆ ಇಪ್ಪತ್ತು ವರ್ಷ ಹಾಡಿಸಿದ ಆ ಹೆಣ್ಣುಮಗಳ ಬಳಿಗೂ ಹೋಗಿ, ಒಂದು ಭಾನುವಾರ ನಮ್ಮ ಬೆಂಚಿನಲ್ಲಿ ಕುಳಿತುಕೊಳ್ಳಮ್ಮ, ಇವತ್ತು ನಾವು ಹಾಡುತ್ತೇವೆ, ನೀನು ಕೇಳು ಎಂದು ಹೇಳಿ. ನಿಮ್ಮ ಸ್ವರ ಒಡಕಾಗಿರಬಹುದು, ತಾಳ ತಪ್ಪಬಹುದು. ಅವಳಿಗೆ ಅದು ಯಾವ ವಿದೇಶ ಪ್ರಯಾಣಕ್ಕೂ ಕಡಿಮೆಯಾಗದು.